ಬಾಬಣ್ಣನಿಗೆ ಸೇರಬೇಕಾದ ಕಾಗದ

ಕಳೆದ ಭಾನುವಾರ ಒಂದು ಕಾಗದವನ್ನು ಅದು ಸೇರಬೇಕಾದ ಮನುಷ್ಯನಿಗೆ ಕೊಟ್ಟು ಬಂದೆ. ನಮ್ಮ ತಲ್ಲೂರಿನಿಂದ ಹಂಗಾರಕಟ್ಟೆಗೆ ಬಸ್ಸು ಬದಲಿಸಿಕೊಂಡು ಹೋದರೂ ಒಂದೂವರೆ ಗಂಟೆ. ನನಗೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು.

ಅಂಚೆ ಇಲಾಖೆಯನ್ನು ಬೈಯಬೇಡಿ. ಪೋಸ್ಟ್‌ಮ್ಯಾನ್ ಸರಿಯಾದ ಹೊತ್ತಿಗೇ ತಂದುಕೊಟ್ಟಿದ್ದರು. ಕವರು ಒಡೆದು ಓದಿದ್ದು ನಾನು. ಮಡಚಿ ಟೀವಿ ಸ್ಟ್ಯಾಂಡಿನ ಡ್ರಾಯರಿನಲ್ಲಿ, ಕರೆಂಟ್ ಬಿಲ್ಲುಗಳ ಕೆಳಗೆ ಇಟ್ಟಿದ್ದೂ ನಾನು.

ಈ ಅಂಕಣದಲ್ಲಿ ಇಷ್ಟು ದಿನ ಊರವರ ತಪ್ಪುಗಳನ್ನೆಲ್ಲ ಆಡಿಕೊಂಡಿದ್ದೇನೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಓಡುವವರು, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು, ಎರವಲು ತೆಗೆದುಕೊಂಡ ಪುಸ್ತಕ ಹಿಂದಿರುಗಿಸದವರು, ಯಾರನ್ನೂ ಬಿಟ್ಟಿಲ್ಲ. ನೀವೂ ಓದಿ ನಕ್ಕಿದ್ದೀರಿ. ಈ ವಾರ ನನ್ನ ಸರದಿ. ನಗುವುದು ಬಿಡುವುದು ನಿಮಗೆ ಬಿಟ್ಟದ್ದು.

ಎಲ್ಲ ಶುರುವಾದದ್ದು ಒಂದು ಗಾಡಿಯಿಂದ.

ಏಳೆಂಟು ವರ್ಷಗಳ ಹಿಂದೆ ನಮ್ಮ ಯಜಮಾನರು ದೊಡ್ಡದೊಂದು ಎಸ್‌ಯುವಿ ತಂದರು. ಬೈಂದೂರಿನ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜದ ಫ್ಯಾಕ್ಟರಿ ಇದೆ. ಅದರಲ್ಲಿ ಸತತ ಎರಡು ವರ್ಷ ಒಳ್ಳೆಯ ವ್ಯಾಪಾರ ಆಗಿತ್ತು. ಎರಡು ವರ್ಷ ಒಳ್ಳೆಯ ವ್ಯಾಪಾರ ಆದ ಗಂಡಸಿಗೆ ಮೂರನೇ ವರ್ಷ ತಲೆ ಕೆಡದೆ ಇರುತ್ತದೆಯೇ? ಫಾರಿನ್ ಕಂಪೆನಿ, ಲೆದರ್ ಸೀಟು, ಮೇಲೆ ಗಾಜಿನ ಮಾಡು. (ಐದು ತಿಂಗಳು ಮಳೆ ಸುರಿಯುವ ಊರಿನಲ್ಲಿ ಗಾಜಿನ ಮಾಡಿನಿಂದ ಏನು ನೋಡುವುದು ಎಂದು ಕೇಳಿದ್ದೆ.) ಕಂಪೆನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ಸಂಪಾದಕರಿಗೆ ಬೇರೆಯೇ ಥರದ ಕಾಗದ ಬರುತ್ತದೆ.

ಯಾವುದೋ ತೆರಿಗೆಯ ಕಾರಣಕ್ಕೆ ಗಾಡಿಯನ್ನು ನನ್ನ ಹೆಸರಿನಲ್ಲಿ ಮಾಡಿಸಿದರು. ಬ್ರಹ್ಮಾವರದ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಬಸ್ ಪಾಸ್ ಬಿಟ್ಟರೆ ಬೇರೆ ಯಾವ ವಾಹನದ ಕಾಗದದ ಮೇಲೂ ನನ್ನ ಹೆಸರು ಕಂಡಿರಲಿಲ್ಲ. ಸುಳ್ಳು ಯಾಕೆ, ಖುಷಿಯೇ ಆಯಿತು.

ಖುಷಿ ಮೂರು ತಿಂಗಳು ಬಾಳಿತು. ಮೊದಲ ಮಳೆಗೆ ಬಾಗಿಲಿನ ಸೆನ್ಸರ್ ಒದ್ದೆಯಾಗಿ, ಬಾಗಿಲು ತೆರೆದಿದೆ, ಬಾಗಿಲು ತೆರೆದಿದೆ ಎಂದು ಕುಂದಾಪುರದಿಂದ ಉಡುಪಿಯವರೆಗೆ ಗಾಡಿ ಕಿರುಚಿಕೊಂಡು ಹೋಯಿತು. ಆಮೇಲೆ ವೈಪರ್. ಆಮೇಲೆ ಎ.ಸಿ. ನಮ್ಮ ಮನೆಯಲ್ಲಿ ದೂರು ಬರೆಯುವುದು ನನ್ನ ಡಿಪಾರ್ಟ್‌ಮೆಂಟ್. ಡಿಯರ್ ಸರ್ ಎಂದು ಶುರುಮಾಡಿ ಒಳ್ಳೊಳ್ಳೆಯ ಇಂಗ್ಲಿಷ್‌ನಲ್ಲಿ ಕಂಪೆನಿಗೆ ಬರೆಯುತ್ತಿದ್ದೆ. ಅಲ್ಲಿಂದ ಪ್ರತಿ ಸಲವೂ ಒಂದೇ ಉತ್ತರ: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.

ಇದೇ ಹೊತ್ತಿಗೆ ಯಜಮಾನರು ಊರಲ್ಲಿ ಏನು ಹೇಳುತ್ತಿದ್ದರು ಗೊತ್ತೇ?

"ಗಾಡಿ ಅಂದ್ರೆ ಗಾಡಿ ಮಾರ್ರೆ. ಒಂದ್ ಕಂಪ್ಲೇಂಟ್ ಇಲ್ಲೆ!"

ನಮ್ಮಲ್ಲಿ ಹೀಗೆಯೇ. ಇನ್ನೂರು ರೂಪಾಯಿಯ ಚಪ್ಪಲಿ ಕಿತ್ತುಹೋದರೆ ಅಂಗಡಿಯ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಜಗಳ ಆಡುತ್ತೇವೆ. ಚಪ್ಪಲಿ ಹಾಳಾದರೆ ತಪ್ಪು ಅಂಗಡಿಯವನದು. ದೊಡ್ಡ ಗಾಡಿ ಹಾಳಾದರೆ ತಪ್ಪು ಕೊಂಡವನದು ಎಂಬ ಹಾಗೆ ಬಾಯಿ ಮುಚ್ಚಿಕೊಳ್ಳುತ್ತೇವೆ. ಮರ್ಯಾದೆಯ ಪ್ರಶ್ನೆ ನೋಡಿ! ದೂರು ಇಂಗ್ಲಿಷ್‌ನಲ್ಲಿ, ಹೊಗಳಿಕೆ ಕನ್ನಡದಲ್ಲಿ. ಹೀಗೆ ಎರಡು ವರ್ಷ ನಡೆಯಿತು.

ಆಮೇಲೆ ಒಂದು ದಿನ ಗಾಡಿ ತಾನಾಗಿಯೇ ಅಂಗಳದಲ್ಲಿ ನಡೆಯಿತು.

ಗಾಡಿ ಓಡಿಸದವರಿಗಾಗಿ ಸ್ವಲ್ಪ ವಿವರಣೆ. ಇದು ಆಟೋಮ್ಯಾಟಿಕ್. ಕ್ಲಚ್ ಇಲ್ಲ. ನಿಲ್ಲಿಸುವಾಗ ಗೇರಿನ ಕೋಲನ್ನು 'ಪಿ' ಎಂದು ಬರೆದ ಜಾಗಕ್ಕೆ ತಂದರೆ ಗಾಡಿಗೆ ಒಳಗಿನಿಂದ ಬೀಗ ಬೀಳುತ್ತದೆ. ಬೀಳಬೇಕು. ನಮ್ಮ ಅಂಗಳ ಸ್ವಲ್ಪ ಇಳಿಜಾರು. ಯಜಮಾನರು 'ಪಿ' ಹಾಕಿ, ಇಳಿದು, ಚಪ್ಪಲಿ ಬಿಟ್ಟು ಜಗಲಿ ಹತ್ತಿದ್ದರು. ಹಿಂದಿನಿಂದ ಗಾಡಿ ಮೆಲ್ಲನೆ ಇಳಿದು ಬಂದು ತುಳಸಿಕಟ್ಟೆಗೆ ಎರಡು ಗೇಣು ಇರುವಾಗ ನಿಂತಿತು. ತಿಂಗಳ ನಂತರ ಇನ್ನೊಮ್ಮೆ. ಆ ಸಲ ತುಳಸಿಕಟ್ಟೆಯ ಮೂಲೆಯೇ ಹೋಯಿತು.

ನಾನು ಬರೆದೆ. ಮಂಗಳೂರಿನ ಸರ್ವಿಸ್‌ನವರು ಗಾಡಿ ತರಿಸಿಕೊಂಡು ಎರಡು ದಿನ ಇಟ್ಟುಕೊಂಡರು. ತೊಳೆದು, ಪರಿಮಳ ಹೊಡೆದು ವಾಪಸ್ ಕೊಟ್ಟರು. ಜೊತೆಗೊಂದು ಚೀಟಿ: ಯಾವುದೇ ದೋಷ ಕಂಡುಬಂದಿಲ್ಲ.

ದೋಷ ಇಲ್ಲ ಎಂದ ಮೇಲೆ ನಾವೇನು ಮಾಡುವುದು? ಒಂದು ತೆಂಗಿನ ಮರದ ತುಂಡು ತಂದು ಅಂಗಳದಲ್ಲಿಟ್ಟೆವು. ಗಾಡಿ ನಿಲ್ಲಿಸಿದ ಕೂಡಲೇ ಚಕ್ರಕ್ಕೆ ಅಡ್ಡ ಕೊಡುವುದು. ವಾರ ಕಳೆಯುವುದರೊಳಗೆ ಅದು ಅಭ್ಯಾಸವಾಯಿತು. ಅಭ್ಯಾಸವಾದ ಮೇಲೆ ಅದು ದೋಷ ಎಂಬುದೇ ಮರೆತುಹೋಯಿತು. ಹಾಗೆಯೇ ಇನ್ನೆರಡು ವರ್ಷ ಓಡಿಸಿ, ಗಾಡಿಯನ್ನು ಮಾರುವುದೆಂದು ತೀರ್ಮಾನಿಸಿದೆವು.

ಈಗ ಬಾಬಣ್ಣನ ವಿಷಯಕ್ಕೆ ಬರುತ್ತೇನೆ.

ಬಾಬಣ್ಣ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವರು. ಹೊಳೆಬದಿಯಲ್ಲಿ ಅವರದೊಂದು ದೊಡ್ಡ ಚಪ್ಪರ. ಅಲ್ಲಿ ಯಾವಾಗಲೂ ಒಂದಲ್ಲ ಒಂದು ದೋಣಿ ಅರೆಬರೆಯಾಗಿ ನಿಂತಿರುತ್ತದೆ. ಅವರ ಮಕ್ಕಳಿಬ್ಬರೂ ನನ್ನ ಹತ್ತಿರ ಕಲಿತವರು. ಹಾಗಾಗಿ ಮನುಷ್ಯ ನನ್ನನ್ನು ಕಂಡರೆ ಬೀಡಿ ಹಿಂದಕ್ಕೆ ಅಡಗಿಸುವಷ್ಟು ಮರ್ಯಾದೆ ಕೊಡುತ್ತಾರೆ. ನನಗಿಂತ ಎರಡು ವರ್ಷ ದೊಡ್ಡವರು, ಆದರೂ. ಅವರ ಬಾಚಿ ಮರದ ಮೇಲೆ ಆಡುವುದನ್ನು ನೋಡಬೇಕಿತ್ತು ನೀವು. ಹಲಗೆಯಿಂದ ಏಳುವ ಸಿಪ್ಪೆ ನೀರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಇರುತ್ತಿತ್ತು. ಅಳತೆಪಟ್ಟಿ ಇಲ್ಲ, ಅಂಗೈಯನ್ನು ಮರದ ಮೇಲೆ ಸವರಿ, ಇಲ್ಲಿ ಒಂದು ಕೂದಲು ಹೆಚ್ಚಿದೆ ಎನ್ನುವವರು.

ಅವರಿಗೆ ಒಂದೇ ಒಂದು ಕೊರಗು. ದೋಣಿ ಮಾಡಿಸಲು ಬರುವವರೆಲ್ಲ ದೊಡ್ಡ ಕಾರುಗಳಲ್ಲಿ ಬರುತ್ತಾರೆ, ತಾನು ಮಾತ್ರ ಹಳೇ ಬೈಕಿನಲ್ಲಿ. ನಾವು ಗಾಡಿ ಮಾರುತ್ತೇವೆಂಬ ಸುದ್ದಿ ಅವರ ಕಿವಿಗೆ ಹೇಗೋ ಬಿತ್ತು. ಮರುದಿನ ಬೆಳಿಗ್ಗೆಯೇ ಗಂಡ ಹೆಂಡತಿ ಬಂದರು. ಹೆಂಡತಿ ಗುಲಾಬಿಗೆ ಮನಸ್ಸಿರಲಿಲ್ಲ.

"ಬೈಕ್ ಇತ್ತಲ್ದಾ? ದೋಣಿ ಮಾಡುವರಿಗೆ ಈ ನಮೂನಿ ಗಾಡಿ ಎಂತಕ್?" ಎಂದು ಜಗಲಿಯಲ್ಲೇ ಶುರುಮಾಡಿದಳು.

"ಹ್ವಾಯ್, ಟೀಚರ್ ಮನಿ ಗಾಡಿ ಇದ್. ಕಣ್ ಮುಚ್ಚಿ ತಕಂಬುದ್" ಎಂದರು ಬಾಬಣ್ಣ.

ಆ ಮಾತನ್ನು ಈಗ ನೆನೆದರೆ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ. ಬೇರೆಯವರ ಗಾಡಿಯಾಗಿದ್ದರೆ ಅವರು ಬಗ್ಗಿ ನೋಡುತ್ತಿದ್ದರು, ಮೆಕ್ಯಾನಿಕ್ ಒಬ್ಬನನ್ನು ಕರೆತರುತ್ತಿದ್ದರು. ಗೇರುಬೀಜದವರ ಗಾಡಿ ಎಂದುಕೊಂಡಿದ್ದರೂ ಎರಡು ಪ್ರಶ್ನೆ ಕೇಳುತ್ತಿದ್ದರು. ಟೀಚರ ಗಾಡಿ ಎಂದು ಏನೂ ಕೇಳಲಿಲ್ಲ.

ಯಜಮಾನರು ಗಾಡಿಯನ್ನು ತೋರಿಸಿದರು. ಗಾಜಿನ ಮಾಡು ತೆರೆದು ಮುಚ್ಚಿದರು. ಕೊನೆಗೆ ಗೇರಿನ ಕೋಲನ್ನು ಹಿಡಿದು, "ಪಿ ಹಾಕಿ ಇಳ್ದ್ರೆ ಆಯ್ತ್ ಬಾಬಣ್ಣ. ಬೆಟ್ಟದ್ ಮೇಲ್ ಬಿಟ್ರೂ ಅಲ್ಲಾಡುದಿಲ್ಲೆ" ಎಂದರು. ಶೋರೂಮಿನ ಹುಡುಗ ಹಿಂದೆ ಇವರಿಗೆ ಹೇಳಿದ್ದ ಮಾತೇ ಅದು. ಮಾರುವ ಗಳಿಗೆಯಲ್ಲಿ ತಾನಾಗಿ ಬಾಯಿಗೆ ಬಂತು.

ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ತೆಂಗಿನ ಮರದ ತುಂಡು ನನ್ನ ಕಾಲಿನ ಹತ್ತಿರವೇ ಬಿದ್ದಿತ್ತು. ನನಗೆ ಬಾಯಿ ಇರಲಿಲ್ಲವೇ? ಇತ್ತು. ಸಕ್ಕರೆ ಎಷ್ಟು ಎಂದು ಕೇಳಿದೆ.

ನಮ್ಮ ಕಡೆ ಗೊತ್ತಿದ್ದವರಿಗೆ ಗಾಡಿ ಮಾರುವ ಕ್ರಮ ನಿಮಗೂ ಗೊತ್ತು. ತೆಂಗಿನಕಾಯಿ ಒಡೆದು, ಕೀ ಕೊಟ್ಟು, ಫಾರಂಗೆ ಸಹಿ ಹಾಕಿ ಕೊಟ್ಟರೆ ಮುಗಿಯಿತು. ಆ ಫಾರಂ ಆರ್‌ಟಿಒ ಆಫೀಸಿಗೆ ಹೋಗುವುದು ಗಾಡಿ ಮೂರನೆಯವರ ಕೈಗೆ ಹೋಗುವಾಗ. ಎಷ್ಟೋ ಸಲ ಆಗಲೂ ಇಲ್ಲ. ಹೆಸರು ಬದಲಾಯಿಸಿ ಬಾಬಣ್ಣ ಎಂದು ನಾನು ಎರಡು ಸಲ ಹೇಳಿದೆ. ಅವರು ನಕ್ಕರು.

"ನಿಮ್ಮ ಹೆಸ್ರಂಗೇ ಇರ್ಲಿ ಬಿಡಿ ಟೀಚರೇ. ಪೊಲೀಸ್ರ್ ಹಿಡ್ದ್ರೆ ಟೀಚರ್ ಗಾಡಿ ಅಂದ್ಹೇಳಿ ಬಿಡ್ತ್ರ್. ಆ ಆಫೀಸಿಗೆ ತಿರ್ಗುಕೆ ಯಾರಿಗ್ ಪುರ್ಸೊತ್ತಿತ್?"

ಹಾಗೆ ಗಾಡಿ ಹಂಗಾರಕಟ್ಟೆಯಲ್ಲಿ, ಹೆಸರು ತಲ್ಲೂರಿನಲ್ಲಿ. ಕಂಪೆನಿಯ ಪಟ್ಟಿಯಲ್ಲಿ ಆ ಗಾಡಿಯ ಯಜಮಾನಿ ನಾನೇ.

ಒಂದು ವರ್ಷ ಕಳೆಯಿತು. ಚೌತಿಗೆ ವಾರ ಇರುವಾಗ ಕಂಪೆನಿಯಿಂದ ಆ ಕಾಗದ ಬಂತು.

ದಪ್ಪ, ನುಣುಪಾದ ಕಾಗದ. ಲಗ್ನಪತ್ರಿಕೆಯಷ್ಟು ಚೆಂದ. ಮುನ್ನೆಚ್ಚರಿಕೆಯ ಕ್ರಮವಾಗಿ ತಮ್ಮ ಕೆಲವು ವಾಹನಗಳನ್ನು ಸ್ವಯಂಪ್ರೇರಣೆಯಿಂದ ಹಿಂದಕ್ಕೆ ಕರೆಯಲಾಗುತ್ತಿದೆ. ಗೇರ್ 'ಪಿ'ಯಲ್ಲಿ ಇದ್ದಾಗಲೂ ಕೆಲವು ಸಂದರ್ಭಗಳಲ್ಲಿ ವಾಹನ ಚಲಿಸುವ ಸಾಧ್ಯತೆ ಕಂಡುಬಂದಿದೆ. ಒಂದು ಬಿಡಿಭಾಗವನ್ನು ಉಚಿತವಾಗಿ ಬದಲಾಯಿಸಿ ಕೊಡಲಾಗುವುದು. ಇಡೀ ಪತ್ರ ಇಂಗ್ಲಿಷ್‌ನಲ್ಲಿ, ಅದೂ ಪ್ಯಾಸಿವ್ ವಾಯ್ಸ್‌ನಲ್ಲಿತ್ತು. ತಪ್ಪು ಮಾಡಿದವರು ಯಾರೂ ಅದರಲ್ಲಿ ಇರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದ ನನಗೆ ಅರ್ಥವಾಗಲಿಲ್ಲ ಎನ್ನುವ ಹಾಗೂ ಇಲ್ಲ.

ಯಜಮಾನರಿಗೆ ಓದಿ ಹೇಳಿದೆ.

"ಹ್ವಾಯ್, ಬಾಬಣ್ಣಂಗೆ ಈಗ್ಲೇ ಫೋನ್ ಮಾಡ್ಕ್" ಎಂದೆ.

ಅವರು, "ಈಗ ಹೇಳಿರೆ ಎಂತ ಅಂತ್ರ್? ಗೊತ್ತಿದ್ದೇ ನನ್ ತಲಿಗ್ ಕಟ್ಟಿರ್ ಅಂತ್ರ್. ವಾಪಸ್ ತಕಣಿ ಅಂದ್ರೆ?" ಎಂದರು. ಆಮೇಲೆ, "ಒಂದ್ ವರ್ಷ ಆಯ್ತಲ್ದಾ, ಏನೂ ಆಯ್ಲಿಲ್ಲೆ. ಎದ್ರಿಗ್ ಸಿಕ್ದಾಗ ಹಗೂರಕ್ ಹೇಳ್ವ" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಮ್ಮನ್ನು ಇನ್ನೂ ಯಾರೂ ಕಳ್ಳ ಎಂದಿರಲಿಲ್ಲ, ಆಗಲೇ ಹೆಗಲು ಮುಟ್ಟಿಕೊಂಡೆವು. ಕಂಪೆನಿಯ ತಪ್ಪನ್ನು ಕಂಪೆನಿಯೇ ಒಪ್ಪಿಕೊಂಡಿತ್ತು, ಸರಿಮಾಡಿಕೊಡುತ್ತೇನೆ ಎಂದೂ ಹೇಳಿತ್ತು. ಅದನ್ನು ದಾಟಿಸುವುದಷ್ಟೇ ನಮ್ಮ ಕೆಲಸ. ಆದರೆ ದಾಟಿಸಿದರೆ ಆ ತೆಂಗಿನ ಮರದ ತುಂಡಿನ ಕಥೆಯೂ ಹೊರಗೆ ಬರುತ್ತಿತ್ತು.

ಎದುರಿಗೆ ಸಿಕ್ಕಿದರೋ? ಸಿಕ್ಕಿದರು. ತಿಂಗಳೊಳಗೆ ಬ್ರಹ್ಮಾವರದಲ್ಲಿ ಒಂದು ಮದುವೆ. ಹಾಲ್‌ನ ಗೇಟಿನಲ್ಲಿ ಬಾಬಣ್ಣ ಗಾಡಿಯಿಂದ ಇಳಿಯುತ್ತಿದ್ದರು. ಬಿಳಿ ಪಂಚೆ, ಬಿಳಿ ಶರ್ಟು. ನನ್ನನ್ನು ನೋಡಿದವರೇ ಓಡಿಬಂದರು.

"ಟೀಚರೇ, ನಿಮ್ಮ ಗಾಡಿ ಬಂದ್ ಮೇಲ್ ಎರಡ್ ದೋಣಿ ಆರ್ಡರ್ ಬಂತ್. ಗಾಡಿಯಂಗ್ ಕೂತ್ರೆ ಹೊಳಿಯಂಗ್ ದೋಣಿ ಹೋದಾಂಗ್ ಆತ್ತ್ ಕಾಣಿ!"

ಅಷ್ಟು ಜನರ ನಡುವೆ, ಆ ಮುಖ ನೋಡಿಕೊಂಡು ನಾನು ಏನು ಹೇಳಲಿ? ಊಟ ಆದ ಮೇಲೆ ಹೇಳೋಣ ಎಂದುಕೊಂಡೆ. ಊಟ ಆಯಿತು. ಅವರು ನನ್ನ ಪಕ್ಕದ ಎಲೆಯಲ್ಲೇ ಕುಳಿತಿದ್ದರು. ಬಲಗೈಯಲ್ಲಿ ಪಾಯಸವನ್ನು ಎಲೆಯಿಂದಲೇ ಬಳಿದು ಉಂಡು, ಎಲೆಯನ್ನು ತೊಳೆದ ಹಾಗೆ ಮಾಡಿ ಎದ್ದರು. ನಾನು ಹೇಳಲಿಲ್ಲ.

ದೀಪಾವಳಿ ಕಳೆದು ಹತ್ತು ದಿನಕ್ಕೆ ಹಂಗಾರಕಟ್ಟೆಯಿಂದ ಫೋನ್ ಬಂತು.

ಬೆಳಗಿನ ಹತ್ತು ಗಂಟೆಯ ಹೊತ್ತು. ಬೈಂದೂರಿನ ಕಡೆಯಿಂದ ದೋಣಿ ನೋಡಲು ಪಾರ್ಟಿ ಬಂದಿತ್ತು. ಬಾಬಣ್ಣ ಹೊಳೆಗೆ ಇಳಿಯುವ ದಾರಿಯಲ್ಲಿ ಗಾಡಿ ನಿಲ್ಲಿಸಿ, ಇಳಿದು, ದೋಣಿಯ ಕಡೆ ನಡೆದರು. ಹಿಂದೆ ಜಲ್ಲಿಕಲ್ಲು ಕರಕರ ಎಂದಿತು. ತಿರುಗಿ ನೋಡಿದರೆ ಗಾಡಿ ಇಳಿದು ಬರುತ್ತಿದೆ. ಬದಿಗೆ ಹಾರಿದ್ದರೆ ಅವರಿಗೆ ಏನೂ ಆಗುತ್ತಿರಲಿಲ್ಲ. ಆದರೆ ಕೆಳಗೆ ಅರ್ಧ ಕಟ್ಟಿದ ದೋಣಿ, ದೋಣಿಯ ಒಳಗೆ ಇಬ್ಬರು ಕೆಲಸದವರು.

ದೋಣಿ ಕಟ್ಟುವವರ ಕ್ರಮವೊಂದಿದೆ. ಹೊಸ ದೋಣಿಯನ್ನು ನೀರಿಗಿಳಿಸುವಾಗ ಇಪ್ಪತ್ತು ಮೂವತ್ತು ಜನ ಹೆಗಲು ಕೊಡುತ್ತಾರೆ. ದೋಣಿ ಒಂದು ಬದಿಗೆ ಜಾರಿತು ಅನ್ನಿ, ಆ ಬದಿಯಲ್ಲಿದ್ದವರು ಓಡಬಾರದು. ಕಾಲು ಊರಿ, ಅಂಗೈ ಕೊಟ್ಟು, ಹೆಗಲು ಒತ್ತಿ ತಡೆಯಬೇಕು. ಒಬ್ಬ ಓಡಿದರೆ ಉಳಿದವರೆಲ್ಲ ಅಡಿಗೆ. ಜಾರುವ ದೋಣಿಗೆ ಬೆನ್ನು ತೋರಿಸಿದವನನ್ನು ಬಾಬಣ್ಣ ಮತ್ತೆ ಕೆಲಸಕ್ಕೆ ಕರೆಯುವುದಿಲ್ಲ. ನಲವತ್ತು ವರ್ಷ ಹಾಗೆ ನಿಂತ ಮನುಷ್ಯ. ಆ ದಿನವೂ ಹಾಗೆಯೇ ನಿಂತರು. ಬಾನೆಟ್ಟಿಗೆ ಎರಡೂ ಅಂಗೈ ಕೊಟ್ಟು, ಹೆಗಲು ಒತ್ತಿ, ಒಬ್ಬರೇ.

ದೋಣಿಗೆ ಇನ್ನೊಂದು ಬದಿಯಲ್ಲಿ ಜನ ಇರುತ್ತಾರೆ. ಗಾಡಿಗೆ ಯಾರಿದ್ದರು?

ಗಾಡಿ ದೋಣಿಗೆ ಆಧಾರ ಕೊಟ್ಟಿದ್ದ ಕಂಬಕ್ಕೆ ಗುದ್ದಿ ನಿಂತಿತು. ಕಂಬಕ್ಕೂ ಗಾಡಿಗೂ ನಡುವೆ ಬಾಬಣ್ಣನ ಬಲಗೈ ಇತ್ತು.

ಮಣಿಪಾಲದ ಆಸ್ಪತ್ರೆಗೆ ಹೋದೆವು, ಕಿತ್ತಳೆ ಹಣ್ಣು ಹಿಡಿದುಕೊಂಡು. (ಕಿತ್ತಳೆ ಹಣ್ಣು! ಬೇರೆ ಏನು ಹಿಡಿದುಕೊಂಡು ಹೋಗಬೇಕು ಎಂದು ನಮಗೆ ಗೊತ್ತಿತ್ತು.) ಕೈ ಉಳಿದಿತ್ತು. ಬೆರಳುಗಳು ಮಡಚುವುದಿಲ್ಲ ಎಂದರು ಡಾಕ್ಟರು. ಬಾಬಣ್ಣ ನಮ್ಮನ್ನು ನೋಡಿ ಏಳಲು ಹೊರಟರು.

"ಟೀಚರೇ, ನನ್ದೇ ತಪ್ಪ್. ಪಾರ್ಟಿ ಕಾಯ್ತ್ ಇದ್ದಿರ್ ಅಂದ್ಹೇಳಿ ಗಡಿಬಿಡಿ ಮಾಡ್ದೆ. ಪಿ ಹಾಕುಕೆ ಮರ್ತೆ ಕಾಣತ್ತ್. ನಿಮ್ಮ ಗಾಡಿ ಮುಂದ್ ಪೂರಾ ಜಖಂ ಆಯ್ತ್."

ನಿಮ್ಮ ಗಾಡಿ ಎಂದರು! ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇತ್ತೇ? ನಾನು ಯಜಮಾನರ ಮುಖ ನೋಡಿದೆ, ಅವರು ಕಿಟಕಿ ನೋಡಿದರು. ರಿಪೇರಿ ನಾನೇ ಮಾಡಿಸುತ್ತೇನೆ ಎಂದರು. ಗಾಡಿಯನ್ನು ಮಂಗಳೂರಿಗೆ ಸಾಗಿಸಿದರು. ಅಲ್ಲಿ ಮುಂಭಾಗ ಸರಿಮಾಡುವಾಗ ಆ ಉಚಿತ ಬಿಡಿಭಾಗವನ್ನೂ ಹಾಕಿಸಿಕೊಂಡು ಬಂದರು. ಸದ್ದಿಲ್ಲದೆ.

ನಾವು ಮಾಡಿದ್ದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಇದೇ ಎಂದು ಆಗ ನನಗೆ ಹೊಳೆಯಲಿಲ್ಲ. ಕೊನೆಗೂ ಗಾಡಿ ಸರಿಯಾಯಿತಲ್ಲ ಎಂದು ನಿದ್ದೆ ಬಂತು. ಆದರೆ ಗಾಡಿ ಸರಿಯಾದದ್ದರಿಂದ ಏನಾಯಿತು ಹೇಳಿ? ಆಮೇಲೆ ಅದು ಒಂದು ದಿನವೂ ಜಾರಲಿಲ್ಲ. ಬಾಬಣ್ಣನ ಅಳಿಯ ಓಡಿಸಿದ, ಅದೇ ಇಳಿಜಾರಿನಲ್ಲಿ ನಿಲ್ಲಿಸಿದ, ಬಂಡೆಯ ಹಾಗೆ ನಿಂತಿತು. ಎಲ್ಲರಿಗೂ ಖಾತ್ರಿಯಾಯಿತು. ತಪ್ಪು ಗಾಡಿಯದಲ್ಲ, ಬಾಬಣ್ಣನದೇ. ಬಾಬಣ್ಣನಿಗಂತೂ ಎಲ್ಲರಿಗಿಂತ ಹೆಚ್ಚು ಖಾತ್ರಿ.

ಅವರು ಈಗ ಬಾಚಿ ಹಿಡಿಯುವುದಿಲ್ಲ. ಚಪ್ಪರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಳಿತು, ಅಲ್ಲಿ ಕೆತ್ತು, ಇಲ್ಲಿ ಬಿಡು ಎಂದು ಬಾಯಲ್ಲಿ ದೋಣಿ ಕಟ್ಟುತ್ತಾರೆ. ಮದುವೆ ಊಟಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ. ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣುವುದು ಹೇಗೆ? ಮನೆಯಲ್ಲಿ ಗುಲಾಬಿ ಅನ್ನ ಕಲಸಿ ಕೊಡುತ್ತಾಳೆ, ಅವರು ಚಮಚದಲ್ಲಿ ತಿನ್ನುತ್ತಾರೆ. ಕಲಸುತ್ತಾ ಅವಳು ಬೈಯುತ್ತಾಳೆ. ನನ್ನೆದುರಿಗೇ ಬೈದಿದ್ದಾಳೆ.

"ಒಂದ್ ಕೋಲ್ ಹಿಂದ್ ಮುಂದ್ ಮಾಡುಕ್ ನೆನಪಿಲ್ಲೆ ಇವ್ರಿಗ್. ದೊಡ್ಡಸ್ತಿಕಿ! ಬೈಕ್ ಸಾಕ್ ಅಂದ್ರೆ ಕೇಂಡ್ರಾ?"

ಬಾಬಣ್ಣ ತಲೆ ತಗ್ಗಿಸಿ ಚಮಚ ಎತ್ತುತ್ತಿದ್ದರು. ನಾನು ಆ ಊಟ ನೋಡಲಾರದೆ ಬೇಗ ಎದ್ದು ಬಂದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡು ನನ್ನದು, ಉಗುಳಲೂ ಆಗದು, ನುಂಗಲೂ ಆಗದು. ಆದರೆ ನನ್ನ ಬಾಯಿ ಸುಟ್ಟದ್ದಕ್ಕಿಂತ ಅವರ ಕೈ ಹೋದದ್ದು ದೊಡ್ಡದು. ಈ ಮಾತನ್ನು ನಾನೇ ನನಗೆ ಎಷ್ಟೋ ಸಲ ಹೇಳಿಕೊಂಡೆ. ಹೇಳಿಕೊಂಡು ಸುಮ್ಮನಿದ್ದೆ.

ಎರಡು ವಾರದ ಹಿಂದೆ ಬಾಬಣ್ಣ ನಮ್ಮ ಮನೆಗೆ ಬಂದರು. ಬಸ್ಸಿನಲ್ಲಿ. ಕುಳಿತವರು ಬಹಳ ಹೊತ್ತು ಪೀಠಿಕೆ ಹಾಕಿದರು.

"ಟೀಚರೇ, ನೀವ್ ಪೇಪರಂಗೆ ಬರೀತ್ರಿ ಅಲ್ದಾ? ನನ್ ವಿಷ್ಯ ಒಂದ್ ಸರ್ತಿ ಬರೀಕ್."

"ಎಂತ ಬರಿಯೂದ್ ಬಾಬಣ್ಣ?"

"ಈಗ ಎಲ್ಲರ್ ಮನಿಯಂಗೂ ಈ ನಮೂನಿ ಗಾಡಿ ಬತ್ತಾ ಇತ್ತ್. ಪಿ ಹಾಕ್ದೆ ಇಳುಕಾಗ ಅಂದ್ ಬರೀಕ್. ಹಂಗಾರಕಟ್ಟೆಯಂಗೆ ಒಬ್ಬ ಮಳ್ಳ ಹಂಗ್ ಇಳ್ದ್ ಕೈ ಕಳ್ಕಂಡ ಅಂದ್ ಬರೀಕ್. ಹೆಸ್ರ್ ಹಾಕ್ರೂ ಅಡ್ಡಿಲ್ಲೆ. ನಾಲ್ಕ್ ಜನಕ್ ಬುದ್ಧಿ ಬಪ್ದಾರೆ ಬರ್ಲಿ."

ಮಳ್ಳ ಎಂದರೆ ನಮ್ಮ ಕಡೆ ಹುಚ್ಚ, ಪೆದ್ದ. ಅವರು ನಗುತ್ತಲೇ ಹೇಳಿದರು. ಮಡಚದ ಬೆರಳುಗಳ ಕೈ ತೊಡೆಯ ಮೇಲೆ ಇತ್ತು.

ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಇದಕ್ಕಿಂತ ಸುತ್ತಿ ಬಳಸಿದ ಮಾತು ನನ್ನ ಹತ್ತಿರ ಇಲ್ಲ. ತಪ್ಪಿಲ್ಲದ ಮನುಷ್ಯ ಊರಿಗೆ ಒಳ್ಳೆಯದಾಗಲಿ ಎಂದು ತನ್ನ ತಪ್ಪನ್ನು ಪೇಪರಿನಲ್ಲಿ ಹಾಕಲು ಬಂದಿದ್ದಾರೆ. ತಪ್ಪಿರುವ ನಾನು ನೋಟ್‌ಬುಕ್ ತೆಗೆದು ಬರೆದುಕೊಳ್ಳುವಂತೆ ನಟಿಸುತ್ತಿದ್ದೇನೆ! ಬರೆಯುತ್ತೇನೆ ಎಂದು ಹೇಳಿ ಕಳಿಸಿದೆ. ಅವರು ಗೇಟು ದಾಟಿದ ಕೂಡಲೇ ಡ್ರಾಯರ್ ಎಳೆದೆ. ಕರೆಂಟ್ ಬಿಲ್ಲುಗಳ ಕೆಳಗೆ ಕಾಗದ ಹಾಗೆಯೇ ಇತ್ತು.

ಯಜಮಾನರಿಗೆ ಹೇಳಿದೆ. ಬೇಡ ಎಂದರು. ಈಗ ಹೇಳಿ ಯಾರಿಗೆ ಏನು ಸಿಕ್ಕಿತು, ಹೋದ ಕೈ ಬರುತ್ತದೆಯೇ ಎಂದರು. ಅವರು ಕೆಟ್ಟವರಲ್ಲ, ಹೆದರಿದವರು. ನಾನೂ ಅಷ್ಟೇ. ವ್ಯತ್ಯಾಸವೆಂದರೆ ಗಾಡಿ ನನ್ನ ಹೆಸರಿನ ಮೇಲೆ ಮಾರಾಟವಾಗಿತ್ತು. ಟೀಚರ್ ಮನಿ ಗಾಡಿ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಬಾಬಣ್ಣ ಚಪ್ಪರದಲ್ಲಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ತುಳಸಿಕಟ್ಟೆಯ ಮೂಲೆ ಹೋದದ್ದು, ಮರದ ತುಂಡು ಅಡ್ಡ ಇಡುತ್ತಿದ್ದದ್ದು, ಚಹಾ ತಟ್ಟೆ ಹಿಡಿದು ಸುಮ್ಮನೆ ನಿಂತದ್ದು, ಮಂಗಳೂರಿನಲ್ಲಿ ಗುಟ್ಟಾಗಿ ರಿಪೇರಿ ಮಾಡಿಸಿದ್ದು. ಕಾಗದ ಕೊಟ್ಟೆ. ಅವರು ಎಡಗೈಯಲ್ಲಿ ತೆಗೆದುಕೊಂಡು, ತಿರುಗಿಸಿ ನೋಡಿ, ನನಗೇ ಕೊಟ್ಟರು.

"ಕನ್ನಡದಂಗೆ ಹೇಳಿ."

ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಅಷ್ಟು ಕಷ್ಟದ ಪಾಠವನ್ನು ನಾನು ಯಾವ ತರಗತಿಗೂ ಮಾಡಿಲ್ಲ. 'ಗೇರ್ ಪಿಯಲ್ಲಿ ಇದ್ದಾಗಲೂ' ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

"ಇದ್ ಬಂದದ್ ಯಾವಾಗ್?"

"ಚೌತಿಗ್ ಮೊದ್ಲ್, ಬಾಬಣ್ಣ."

"ನನ್ ಕೈ ಹೋದದ್ ದೀಪಾವಳಿ ಆದ್ ಮೇಲ್."

"ಹೌದ್."

ಈಗ ಬೈಯುತ್ತಾರೆ ಎಂದು ಕಾದೆ. ಬೈದರೆ ಒಳ್ಳೆಯದು ಎಂದೂ ಅನಿಸಿತು. ಅವರು ಹೊಳೆಯ ಕಡೆ ನೋಡುತ್ತಾ ಕುಳಿತರು.

"ಹಂಗಾರೆ ಟೀಚರೇ, ನಾ ಪಿ ಹಾಕಿದ್ದೆ ಅಲ್ದಾ?"

"ಹಾಕಿದ್ರಿ ಬಾಬಣ್ಣ."

"ಹಾಕಿದ್ದೆ ಅಲ್ದಾ?"

"ಹಾಕಿಯೇ ಇದ್ರಿ. ನಿಮ್ದ್ ಎಂತದೂ ತಪ್ಪಿಲ್ಲೆ."

ಅವರ ಮುಖದಲ್ಲಿ ಬಂದದ್ದು ಸಿಟ್ಟಲ್ಲ. ಅದನ್ನು ನೋಡಲು ಸಿಟ್ಟಿಗಿಂತ ಕಷ್ಟವಾಯಿತು. ತಾನು ಪಾಸಾಗಿದ್ದೇನೆ ಎಂದು ತಡವಾಗಿ ಗೊತ್ತಾದ ಹುಡುಗನ ಹಾಗೆ ಮನುಷ್ಯ ಎದ್ದು ನಿಂತರು. ಮನೆಯ ಕಡೆ ತಿರುಗಿ ಕೂಗಿದರು.

"ಗುಲಾಬೀ! ಹ್ವಾಯ್, ಇಲ್ ಬಾ! ನಾ ಪಿ ಹಾಕಿದ್ದೆ ಅಂಬ್ರ್! ಟೀಚರೇ ಹೇಳ್ತ್ರ್, ನಾ ಮರೀಲಿಲ್ಲೆ ಅಂಬ್ರ್!"

ಗುಲಾಬಿ ಬಂದಳು. ಕೈಯಲ್ಲಿ ಅವರ ಊಟದ ತಟ್ಟೆ ಇತ್ತು, ಅನ್ನಕ್ಕೆ ಮೀನಿನ ಸಾರು ಹಾಕಿ ಅರ್ಧ ಕಲಸಿತ್ತು. ಬಾಬಣ್ಣ ನನ್ನ ಕೈಯ ಕಾಗದ ತೋರಿಸಿ, ಅಲ್ಲಲ್ಲಿ ತಡವರಿಸುತ್ತಾ ಎಲ್ಲವನ್ನೂ ಹೇಳಿದರು. ಅವಳು ಕಾಗದವನ್ನು ನೋಡಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು. ನನ್ನನ್ನು ಬೈಯಲು ಅವಳಿಗೆ ಎಲ್ಲ ಹಕ್ಕೂ ಇತ್ತು, ನಾನು ಅದಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಅವಳು ಬೈಯಲಿಲ್ಲ. ತಟ್ಟೆಯನ್ನು ಹಲಗೆಯ ಮೇಲಿಟ್ಟು, ಸಾರು ಹತ್ತಿದ ಕೈಯನ್ನು ಹಾಗೆಯೇ ಹಿಡಿದುಕೊಂಡು ನನ್ನನ್ನು ಕೇಳಿದಳು:

"ಒಂದೂವರಿ ವರ್ಷ ನಾನ್ ಇವ್ರಿಗ್ ಬೈದದ್ದನ್ನ ಈಗ ಹ್ಯಾಂಗ್ ವಾಪಸ್ ತಕಂಬುದ್ ಟೀಚರೇ?"